ಮನೆಯ ನಕ್ಷೆಯಲ್ಲಿ ನಮಾಝಿಗೊಂದು ಜಾಗ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಮನೆ ನಿರ್ಮಾಣದ ಪುಟವನ್ನು ಹಲವು ವರ್ಷಗಳಿಂದ ತಪ್ಪದೆ ಓದುತ್ತ ಬಂದಿರುವ ನಿವೃತ್ತ ಶಿಕ್ಷಕಿ ನಾನು. ಕಳೆದ ತಿಂಗಳು ನನ್ನ ತಮ್ಮನ ಮಗ ತಾನು ಕಟ್ಟಿಸಲಿರುವ ಮನೆಯ ನಕ್ಷೆಯನ್ನು ತಂದು ನನ್ನ ಮುಂದೆ ಹರಡಿದ. ಆ ಪುಟದಲ್ಲಿ ನಾನು ಓದುವ ಅನುಕೂಲಗಳೆಲ್ಲವೂ ಅದರಲ್ಲಿದ್ದವು. ಕಾರು ನಿಲ್ಲಿಸಲು ಜಾಗ, ಹಾಲ್‌ನ ಗೋಡೆಯುದ್ದಕ್ಕೂ ಟಿ.ವಿ. ಕಪಾಟು, ಎರಡು ಮಲಗುವ ಕೋಣೆಗಳಿಗೂ ಅಂಟಿಕೊಂಡ ಬಚ್ಚಲು, ಅಡುಗೆಮನೆಯ ಹಿಂದೆ ವಾಷಿಂಗ್ ಮಷಿನ್‌ಗೊಂದು ಮೂಲೆ, ಮೆಟ್ಟಿಲಿನ ಕೆಳಗೆ ಇನ್ವರ್ಟರ್‌ಗೊಂದು ಗೂಡು, ಎಲ್ಲವನ್ನೂ ಅಳತೆ ಸಮೇತ ಬರೆದಿದ್ದರು. ದಿನಕ್ಕೆ ಐದು ಹೊತ್ತು ನಮಾಝ್ ಮಾಡುವ ನಾಲ್ವರು ವಾಸಿಸಲಿರುವ ಆ ಮನೆಯಲ್ಲಿ ನಮಾಝಿಗೆಂದು ಒಂದು ಚಾಪೆಯಗಲದ ಜಾಗವನ್ನೂ ಗುರುತಿಸಿರಲಿಲ್ಲ. ಕೇಳಿದಾಗ, ಯಾವುದಾದರೂ ಕೋಣೆಯಲ್ಲಿ ಮಾಡಿದರಾಯಿತು, ಅದಕ್ಕೇಕೆ ಬೇರೆ ಜಾಗ ಎಂದು ಅವನು ಸಹಜವಾಗಿಯೇ ಹೇಳಿದ. ಅವನ ಉತ್ತರ ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ಏಕೆಂದರೆ 1998ರಲ್ಲಿ ನಾನು ಮತ್ತು ನನ್ನ ಯಜಮಾನರು ಸಾಲ ಮಾಡಿ ಮನೆ ಕಟ್ಟಿಸಿದಾಗ ನಾನು ಆಡಿದ ಮಾತೂ ಅದೇ ಆಗಿತ್ತು.

ನಮ್ಮ ಜಿಲ್ಲೆಯಲ್ಲಿ ಎಂಜಿನಿಯರ್ ಇರಲಿ, ಮೇಸ್ತ್ರಿ ಇರಲಿ, ನಕ್ಷೆ ಹಾಕುವ ಮೊದಲು ದೇವರ ಕೋಣೆ ಎಲ್ಲಿ ಬೇಕೆಂದು ಕೇಳುವುದು ವಾಡಿಕೆ. ನಮ್ಮಲ್ಲಿ ಅದಿಲ್ಲ ಎಂದು ನಾವು ಹೇಳುತ್ತೇವೆ, ಅವರು ಆ ಚೌಕವನ್ನು ಹೊಡೆದುಹಾಕಿ ಸ್ಟೋರ್ ರೂಮ್ ಎಂದು ಬರೆಯುತ್ತಾರೆ, ಅಲ್ಲಿಗೆ ಆ ಮಾತು ಮುಗಿಯುತ್ತದೆ. ತಯಾರಾದ ಫ್ಲ್ಯಾಟ್ ಕೊಂಡವರ ಮನೆಗಳಲ್ಲಿ ಅದೇ ಪುಟ್ಟ ಕೋಣೆಯಲ್ಲಿ ಅಕ್ಕಿಯ ಚೀಲ, ಹಳೆಯ ಮಿಕ್ಸಿ, ಚಪ್ಪಲಿಯ ಸ್ಟ್ಯಾಂಡ್ ಸೇರಿಕೊಂಡಿರುವುದನ್ನು ನಾನು ಕಂಡಿದ್ದೇನೆ. ಕೇಳುವವರ ತಪ್ಪು ಇದರಲ್ಲಿ ಏನೂ ಇಲ್ಲ. ನಮ್ಮಲ್ಲಿ ದೇವರ ಕೋಣೆ ಇಲ್ಲವೆಂಬುದು ನಿಜವೇ, ಏಕೆಂದರೆ ಅಲ್ಲಿ ಪ್ರತಿಷ್ಠಾಪಿಸುವಂಥದ್ದು ನಮಗೆ ಏನೂ ಇಲ್ಲ. ಆದರೆ ನಮ್ಮಲ್ಲಿ ನಮಾಝ್ ಇದೆ, ಅದಕ್ಕೆ ಇಂತಿಷ್ಟು ಉದ್ದಗಲ ಬೇಕು, ಇಂಥ ದಿಕ್ಕಿಗೆ ಬೇಕು ಎಂಬ ಎರಡನೆಯ ವಾಕ್ಯವನ್ನು ನಾವು ಹೇಳುವುದಿಲ್ಲ. ಸೋಜಿಗದ ಸಂಗತಿಯೆಂದರೆ, ಇದೇ ನಾವು ಶೌಚಾಲಯದ ವಿಷಯದಲ್ಲಿ ಎಷ್ಟೊಂದು ಎಚ್ಚರ ವಹಿಸುತ್ತೇವೆ! ಕಿಬ್ಲಾದ, ಅಂದರೆ ನಮಾಝಿನಲ್ಲಿ ನಾವು ಮುಖ ಮಾಡುವ ಕಅಬಾ ಇರುವ ದಿಕ್ಕಿನ (ನಮಗದು ಪಶ್ಚಿಮದ ಕಡೆ), ಕಡೆ ಮುಖ ಅಥವಾ ಬೆನ್ನು ಮಾಡಿ ಶೌಚಕ್ಕೆ ಕೂರಬಾರದೆಂಬ ಪ್ರವಾದಿವರ್ಯ ಮುಹಮ್ಮದರ (ಸ, ಅಂದರೆ ಅವರ ಮೇಲೆ ಶಾಂತಿ ಇರಲಿ) ಉಪದೇಶವನ್ನು ನೆನೆದು, ಕಮೋಡನ್ನು ಪೂರ್ವ ಪಶ್ಚಿಮವಾಗಿ ಕೂರಿಸದಂತೆ ಮೇಸ್ತ್ರಿಗೆ ಎರಡೆರಡು ಸಲ ಹೇಳಿ, ಕೂರಿಸುವ ದಿನ ಖುದ್ದಾಗಿ ನಿಂತು ನೋಡುತ್ತೇವೆ. ಕಿಬ್ಲಾ ನಮ್ಮ ಮನೆಯ ಬಚ್ಚಲಿನ ನಕ್ಷೆಯಲ್ಲಿದೆ, ಹಾಲ್‌ನ ನಕ್ಷೆಯಲ್ಲಿ ಇಲ್ಲ.

ಇದರ ಬೆಲೆಯನ್ನು ತೆತ್ತವರು ನನ್ನ ಮನೆಯಲ್ಲಿ ನನ್ನ ಉಮ್ಮ, ನನ್ನ ತಾಯಿ. ಅವರು ನಮಾಝ್ ಮಾಡುತ್ತಿದ್ದುದು ಮಂಚಕ್ಕೂ ಗೋದ್ರೇಜ್ ಕಪಾಟಿಗೂ ನಡುವಿನ ಸಂದಿನಲ್ಲಿ. ಸುಜೂದ್‌ಗೆ ಬಾಗಿದಾಗ ಅವರ ಹಣೆ ಕಪಾಟಿನ ಕಾಲಿನಿಂದ ನಾಲ್ಕು ಬೆರಳು ದೂರದಲ್ಲಿ ನೆಲ ಮುಟ್ಟುತ್ತಿತ್ತು, ಮೊಣಕೈ ಮಂಚದ ಅಂಚಿಗೆ ತಾಗುತ್ತಿತ್ತು. ಐದು ಹೊತ್ತಿನ ಕಡ್ಡಾಯ ನಮಾಝಿನಲ್ಲಿ ಒಟ್ಟು 17 ರಕಅತ್‌ಗಳಿವೆ (ನಿಂತು, ಬಾಗಿ, ನೆಲಕ್ಕೆ ಹಣೆಯಿಡುವ ಒಂದು ಸುತ್ತು ಒಂದು ರಕಅತ್), ಒಂದೊಂದು ರಕಅತ್‌ಗೂ ಎರಡು ಸುಜೂದ್. ಈ ಐದರ ಹೊರತಾದ ಸುನ್ನತ್ ಹಾಗೂ ವಿತ್ರ್ ನಮಾಝ್‌ಗಳನ್ನು ಬಿಟ್ಟೇ ಲೆಕ್ಕ ಹಾಕಿದರೂ ಎಪ್ಪತ್ತು ದಾಟಿದ ಹೆಂಗಸೊಬ್ಬರು ದಿನಕ್ಕೆ 34 ಸಲ ಆ ಸಂದಿನೊಳಗೆ ಮೈ ಮಡಚಿ, ಮತ್ತೆ ಮಂಚ ಹಿಡಿದು ಏಳುತ್ತಿದ್ದರು. ಮೊಮ್ಮಕ್ಕಳು ಕಪಾಟು ತೆರೆಯಲು ಬಂದರೆ ನಮಾಝಿನ ಕೊನೆಯ ಅವರ ಸಲಾಂ ಮುಗಿಯುವವರೆಗೆ ಬಾಗಿಲಲ್ಲೇ ನಿಂತು ಕಾಯಬೇಕಿತ್ತು, ಅಥವಾ ಅವರನ್ನು ದಾಟಿ ಹೋಗುತ್ತಿದ್ದರು. ನಾನೂ ಶಾಲೆಗೆ ಹೊರಡುವ ಅವಸರದಲ್ಲಿ ಎಷ್ಟೋ ಸಲ ದಾಟಿ ಹೋಗಿದ್ದೇನೆ. ಅವರು ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ.

ವುಝೂ, ಅಂದರೆ ನಮಾಝಿಗೆ ಮೊದಲು ಕೈ, ಮುಖ, ಪಾದ ತೊಳೆಯುವ ಶುದ್ಧಿ, ಮಾಡಲು ಅವರಿಗಿದ್ದುದು ಊಟದ ಮೇಜಿನ ಬದಿಯ ವಾಷ್ ಬೇಸಿನ್ ಮಾತ್ರ. ಮುಖ ಕೈಗಳಿಗೆ ಅದು ಸಾಕು, ಆದರೆ ಪಾದ ತೊಳೆಯಲು ಒಂದು ಕಾಲನ್ನು ಸೊಂಟದೆತ್ತರಕ್ಕೆ ಎತ್ತಿ ಬೇಸಿನ್‌ನೊಳಗೆ ಇಡಬೇಕು. ಒಂದು ಮಳೆಗಾಲದ ಬೆಳಗ್ಗೆ, ಐದರ ಸುಮಾರಿಗೆ, ಸುಬಹಿ ನಮಾಝಿಗೆಂದು ಎದ್ದವರು ಹಾಗೆ ಒಂಟಿ ಕಾಲಲ್ಲಿ ನಿಂತಿದ್ದಾಗ ನೆಲದ ಮೇಲೆ ಚೆಲ್ಲಿದ ನೀರಿಗೆ ಜಾರಿ ಬಿದ್ದರು. ಸೊಂಟದ ಬಳಿ ತೊಡೆಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯ ನಂತರ ಅವರು ನಡೆದಾಡಿದರು, ಆದರೆ ಮುಂದಿನ ನಾಲ್ಕು ವರ್ಷ, ಅಂದರೆ ಅವರು ತೀರಿಕೊಳ್ಳುವವರೆಗೂ, ನೆಲದ ಮೇಲೆ ಹಣೆಯಿಟ್ಟು ಸುಜೂದ್ ಮಾಡಲು ಅವರಿಂದ ಆಗಲಿಲ್ಲ. ಕುರ್ಚಿಯ ಮೇಲೆ ಕುಳಿತು ತಲೆ ಬಾಗಿಸಿ ನಮಾಝ್ ಮಾಡುತ್ತಿದ್ದ ಅವರನ್ನು ನೋಡುವಾಗಲೆಲ್ಲ, ನೆಲಮಟ್ಟದಲ್ಲಿ ಒಂದು ನಲ್ಲಿ ಹಾಕಿಸಲು ಎಷ್ಟು ಖರ್ಚಾಗುತ್ತಿತ್ತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ನನ್ನ ಅಜ್ಜಿಯ ಮನೆಯಲ್ಲಿ ಹೀಗಿರಲಿಲ್ಲ. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚು, ಕೆಂಪು ಸಿಮೆಂಟಿನ ನೆಲದ ಆ ಮನೆ ಇಂದಿನ ಮನೆಗಳಿಗಿಂತ ಚಿಕ್ಕದು. ಆದರೂ ಚಾವಡಿಯ ಒಳಬದಿಯಲ್ಲಿ, ಕಿಟಕಿಯ ಪಕ್ಕ, ಯಾರೂ ಚಪ್ಪಲಿ ಹಾಕಿ ಕಾಲಿಡದ, ಯಾರೂ ಸಾಮಾನು ಇಡದ ಒಂದು ತುಂಡು ನೆಲವಿತ್ತು. ಗೋಡೆಯ ಗೂಡಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಕುರ್‌ಆನ್, ಅದರ ಕೆಳಗೆ ಅದನ್ನಿಟ್ಟು ಓದುವ ಮರದ ರೆಹಲ್, ಮೊಳೆಗೆ ತೂಗುಹಾಕಿದ ತಸ್ಬೀಹ್ ಜಪಮಣಿ, ಪಕ್ಕದಲ್ಲಿ ಅಜ್ಜಿಯ ಬಿಳಿಯ ನಮಾಝ್ ಕುಪ್ಪಾಯ. ಹಾಸಿದ್ದ ಓಲೆಯ ಚಾಪೆಯಲ್ಲಿ ಹಣೆ ತಾಗುವ ಜಾಗ, ಎರಡು ಅಂಗೈಗಳ ಜಾಗ, ಎರಡು ಮೊಣಕಾಲುಗಳ ಜಾಗ ಬೇರೆಯೇ ಬಣ್ಣಕ್ಕೆ ತಿರುಗಿ ನುಣುಪಾಗಿದ್ದವು. ಮಗುವಾಗಿದ್ದಾಗ ನಾನು ಆ ಗುರುತುಗಳ ಮೇಲೆ ನನ್ನ ಕೈ ಮೊಣಕಾಲುಗಳನ್ನಿಟ್ಟು ನೋಡುತ್ತಿದ್ದೆ, ಯಾವುದೂ ಹೊಂದುತ್ತಿರಲಿಲ್ಲ. ನಮಾಝ್ ಹೇಗೆ ಮಾಡುವುದೆಂದು ಮದ್ರಸದ ಉಸ್ತಾದರು ಕಲಿಸುವುದಕ್ಕಿಂತ ಮೊದಲೇ ಆ ಚಾಪೆ ನನಗೆ ಕಲಿಸಿತ್ತು.

ಧಾರ್ಮಿಕ ತಿಳಿವಳಿಕೆಯುಳ್ಳ ಓದುಗರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಇಡೀ ಭೂಮಿಯನ್ನೇ ತಮಗೆ ಮಸೀದಿಯನ್ನಾಗಿಯೂ ಶುದ್ಧಿಯ ಸಾಧನವನ್ನಾಗಿಯೂ ಮಾಡಲಾಗಿದೆ ಎಂದು ಪ್ರವಾದಿವರ್ಯರೇ (ಸ) ಹೇಳಿರುವಾಗ, ಮನೆಯೊಳಗೆ ಪ್ರತ್ಯೇಕ ಜಾಗವೇಕೆ ಎಂಬುದು ಆ ಆಕ್ಷೇಪ. ನಮಾಝ್ ಎಲ್ಲಿಯೂ ಸಲ್ಲುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಬಸ್ ನಿಲ್ದಾಣದಲ್ಲಿ, ಅಡಿಕೆ ತೋಟದಲ್ಲಿ, ಶಾಲೆಯ ಖಾಲಿ ತರಗತಿಯಲ್ಲಿ ನಾನೇ ಮಾಡಿದ್ದೇನೆ. ಸಹೋದ್ಯೋಗಿಯೊಬ್ಬರ ಮಗಳ ಮದುವೆಯ ದಿನ ಅವರ ಮನೆಯ ಮಹಡಿಯ ಕೋಣೆಯಲ್ಲಿ ಅವರೇ ಒಗೆದ ಪಂಚೆ ಹಾಸಿಕೊಟ್ಟು, ಪಡುವಣ ಯಾವ ಕಡೆ ಎಂದು ತೋರಿಸಿ, ಬಾಗಿಲು ಎಳೆದುಕೊಂಡು ಹೋದದ್ದು ಇಂದಿಗೂ ನೆನಪಿದೆ. ಆದರೆ ಎಲ್ಲಿಯೂ ಸಲ್ಲುತ್ತದೆ ಎಂಬುದು ದಾರಿಯಲ್ಲಿರುವವರಿಗೆ, ತೊಂದರೆಯಲ್ಲಿರುವವರಿಗೆ ಕೊಟ್ಟ ಸೌಲಭ್ಯವಾಗಿ ನನಗೆ ಕಾಣುತ್ತದೆ. ಸ್ವಂತ ಮನೆಯ ಒಡೆಯರು ಅದನ್ನು ಆಲಸ್ಯಕ್ಕೆ ನೆಪ ಮಾಡಿಕೊಳ್ಳಬಾರದು.

ಈ ಪ್ರಶ್ನೆಗೆ ಪ್ರವಾದಿಯವರ ಕಾಲದಲ್ಲೇ ಉತ್ತರವಿದೆ. ಬದ್ರ್ ಯುದ್ಧದಲ್ಲಿ ಭಾಗವಹಿಸಿದ್ದ ಮದೀನಾದ ಇತ್‌ಬಾನ್ ಬಿನ್ ಮಾಲಿಕ್ (ರ, ಅಂದರೆ ಅಲ್ಲಾಹನು ಅವರನ್ನು ಮೆಚ್ಚಲಿ) ತಮ್ಮ ಜನರಿಗೆ ನಮಾಝಿನ ನೇತೃತ್ವ ವಹಿಸುತ್ತಿದ್ದವರು. ಅವರ ದೃಷ್ಟಿ ಮಂದವಾಯಿತು. ಮಳೆ ಬಂದಾಗ ಅವರ ಮನೆಗೂ ಮಸೀದಿಗೂ ನಡುವಿನ ಕಣಿವೆಯಲ್ಲಿ ನೀರು ಹರಿದು ದಾಟಲಾಗುತ್ತಿರಲಿಲ್ಲ. ತಾವು ನನ್ನ ಮನೆಗೆ ಬಂದು ಒಂದು ಕಡೆ ನಮಾಝ್ ಮಾಡಿದರೆ ಆ ಜಾಗವನ್ನೇ ನನ್ನ ನಮಾಝಿನ ಸ್ಥಳವಾಗಿ ಇಟ್ಟುಕೊಳ್ಳುತ್ತೇನೆ ಎಂದು ಅವರು ಪ್ರವಾದಿವರ್ಯರನ್ನು ಕೇಳಿಕೊಂಡರು. ಮರುದಿನ ಬಿಸಿಲೇರುವ ಹೊತ್ತಿಗೆ ಪ್ರವಾದಿವರ್ಯರು (ಸ) ಅಬೂಬಕರ್ (ರ) ಅವರೊಂದಿಗೆ ಬಂದರು. ಒಳಗೆ ಬಂದವರು ಕೂರುವ ಮೊದಲೇ ಕೇಳಿದ್ದು, ನಿಮ್ಮ ಮನೆಯಲ್ಲಿ ನಾನು ಎಲ್ಲಿ ನಮಾಝ್ ಮಾಡಬೇಕೆಂದು ಬಯಸುತ್ತೀರಿ ಎಂದು. ಇತ್‌ಬಾನ್ ಒಂದು ಕಡೆ ತೋರಿಸಿದರು. ಎಲ್ಲರೂ ಸಾಲಾಗಿ ನಿಂತರು, ಎರಡು ರಕಅತ್ ನಮಾಝ್ ನಡೆಯಿತು, ಆಮೇಲೆ ಮಾಂಸ ಮತ್ತು ಹಿಟ್ಟಿನಿಂದ ಮಾಡಿದ ಅಡುಗೆಗೆ ಅವರನ್ನು ಉಳಿಸಿಕೊಳ್ಳಲಾಯಿತು. ಪ್ರವಾದಿಯವರ ನುಡಿ ನಡೆಗಳನ್ನು ದಾಖಲಿಸಿದ ಬುಖಾರಿ ಹದೀಸ್ ಸಂಗ್ರಹದಲ್ಲಿರುವ ಈ ಪ್ರಸಂಗವನ್ನು ನಾನು ಎಷ್ಟು ಸಲ ಓದಿದರೂ ಆ ಪ್ರಶ್ನೆಯ ಬಳಿ ನಿಲ್ಲುತ್ತೇನೆ. ಮನೆಯ ಜಾಗ ಮನೆಯವರೇ ಆರಿಸಬೇಕಾದದ್ದು ಎಂಬಂತೆ ಪ್ರವಾದಿವರ್ಯರು ಕೇಳಿದರು, ಕಣ್ಣು ಮಂದವಾದ ಮನುಷ್ಯ ಕೈ ತೋರಿಸಿದರು. ದೃಷ್ಟಿ ಕಡಿಮೆಯಾದವರಿಗೆ, ಮಳೆಯಲ್ಲಿ ಹೊರಗೆ ಹೋಗಲಾಗದವರಿಗೆ ಮನೆಯೊಳಗೆ ಗೊತ್ತಾದ ಒಂದು ಸ್ಥಳ ಎಷ್ಟು ಬೇಕು ಎಂಬುದನ್ನು ಕರಾವಳಿಯ ಜೂನ್ ಜುಲೈ ಕಂಡವರಿಗೆ ನಾನು ವಿವರಿಸಬೇಕಾಗಿಲ್ಲ.

ಇನ್ನೊಂದು ಪ್ರಸಂಗ ನನಗೆ ಇನ್ನೂ ಹತ್ತಿರದ್ದು. ಅನಸ್ ಬಿನ್ ಮಾಲಿಕ್ (ರ) ಅವರ ಅಜ್ಜಿ ಮುಲೈಕಾ (ರ) ಪ್ರವಾದಿವರ್ಯರನ್ನು ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಏಳಿ, ನಿಮಗಾಗಿ ನಮಾಝ್ ಮಾಡುತ್ತೇನೆ ಎಂದು ಪ್ರವಾದಿವರ್ಯರು ಹೇಳಿದಾಗ, ಬಹಳ ಕಾಲದ ಬಳಕೆಯಿಂದ ಕಪ್ಪಾಗಿದ್ದ ಚಾಪೆಯೊಂದನ್ನು ಅನಸ್ ತಂದು ಅದರ ಮೇಲೆ ನೀರು ಚಿಮುಕಿಸಿದರು. ಪ್ರವಾದಿವರ್ಯರ ಹಿಂದೆ ಅನಸ್ ಮತ್ತು ಒಬ್ಬ ಅನಾಥ ಹುಡುಗ, ಅವರ ಹಿಂದೆ ಆ ವೃದ್ಧೆ ನಿಂತರು. ಬಳಸಿ ಕಪ್ಪಾದ ಚಾಪೆ ಎಂಬ ಆ ಒಂದು ಮಾತಿನಲ್ಲಿ ನನಗೆ ನನ್ನ ಅಜ್ಜಿಯ ಮನೆಯೇ ಕಾಣುತ್ತದೆ.

ಮನೆಯಲ್ಲಿ ನಮಾಝಿನ ಸ್ಥಳ ಎಂದರೆ ಹೆಚ್ಚಾಗಿ ಹೆಂಗಸರ ಸ್ಥಳ ಎಂಬುದನ್ನು ಬಿಚ್ಚಿ ಹೇಳಲೇಬೇಕು. ನಮ್ಮ ಗಂಡಸರಿಗೆ ಮಸೀದಿಯಿದೆ, ಅಲ್ಲಿ ವುಝೂವಿಗೆ ಹೌಝ್ ಎಂಬ ನೀರಿನ ತೊಟ್ಟಿ ಇದೆ, ಸಾಲಿನ ಗೆರೆ ಹಾಕಿದ ಹಾಸು ಇದೆ, ಫ್ಯಾನ್ ಇದೆ, ನಿಶ್ಶಬ್ದವಿದೆ. ಅದನ್ನು ನಾವೆಲ್ಲ ಚಂದಾ ಕೊಟ್ಟು ಕಟ್ಟಿದ್ದೇವೆ, ಅದು ಚೆಂದವಾಗಿರಲಿ ಎಂದೇ ನನ್ನ ಪ್ರಾರ್ಥನೆ ಕೂಡ. ಆದರೆ ನಮ್ಮ ಊರುಗಳಲ್ಲಿ ಹೆಚ್ಚಿನ ಹೆಂಗಸರು ಐದು ಹೊತ್ತೂ ನಮಾಝ್ ಮಾಡುವುದು ಮನೆಯಲ್ಲೇ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಹಾಲ್‌ನಲ್ಲಿ ಟಿ.ವಿ. ಓಡುತ್ತಿರುವಾಗ, ಮಗು ಕುಪ್ಪಾಯದ ಅಂಚು ಹಿಡಿದು ಎಳೆಯುತ್ತಿರುವಾಗ, ಯಾವ ಕೋಣೆ ಖಾಲಿಯಿದೆ ಎಂದು ನಮಾಝಿನ ಹಾಸಾದ ಮುಸಲ್ಲವನ್ನು ಕಂಕುಳಲ್ಲಿಟ್ಟುಕೊಂಡು ಹುಡುಕುವುದು ಅವರ ದಿನಚರಿಯ ಭಾಗವಾಗಿದೆ. ಹೆಂಗಸರಿಗೆ ಮನೆಯೇ ಉತ್ತಮ ಎಂದು ಉಪದೇಶಿಸುವವರು ಆ ಮನೆಯಲ್ಲಿ ಅವರಿಗೆ ನಾಲ್ಕಡಿ ನೆಲವನ್ನಾದರೂ ಬಿಟ್ಟುಕೊಡಬೇಕಲ್ಲವೇ? ಮನೆಯ ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು ಅದನ್ನು ಮನೆಯ ಹೆಂಗಸರ ಮುಂದಿಟ್ಟು, ನೀವು ಎಲ್ಲಿ ನಮಾಝ್ ಮಾಡುತ್ತೀರಿ ಎಂದು ಕೇಳುವ ಗಂಡಸರನ್ನು ನಾನು ಹೆಚ್ಚು ಕಂಡಿಲ್ಲ. ಪುರುಷರಿಗೂ ಕಡ್ಡಾಯ ನಮಾಝಿನ ಹೊರತಾದ ಸುನ್ನತ್‌ಗಳನ್ನು ಮನೆಯಲ್ಲಿ ಮಾಡುವುದೇ ಶ್ರೇಷ್ಠ, ಮನೆಗಳನ್ನು ಗೋರಿಗಳಂತೆ ಮಾಡಿಕೊಳ್ಳಬೇಡಿ ಎಂಬ ಪ್ರವಾದಿ ವಚನಗಳಿರುವುದನ್ನು ಅವರು ಅರಿಯದವರಲ್ಲ.

ಬೇಕಾಗುವುದು ಎಷ್ಟು ಜಾಗ? ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಮುಸಲ್ಲ ಸುಮಾರು 70 ಸೆಂಟಿಮೀಟರ್ ಅಗಲ, 110ರಿಂದ 120 ಸೆಂಟಿಮೀಟರ್ ಉದ್ದವಿರುತ್ತದೆ. ಅಂದರೆ ಅಗಲ ಎರಡೂಕಾಲು ಅಡಿ, ಉದ್ದ ನಾಲ್ಕು ಅಡಿಯೊಳಗೆ. ತಾಯಿ, ಮಗಳು, ಸೊಸೆ ಮೂವರು ಹೆಗಲಿಗೆ ಹೆಗಲು ತಾಗಿಸಿ ನಿಲ್ಲಲು 7 ಅಡಿ ಅಗಲ, 4 ಅಡಿ ಉದ್ದ, ಒಟ್ಟು 28 ಚದರ ಅಡಿ ಸಾಕು. 1,200 ಚದರ ಅಡಿಯ ಮನೆಯಲ್ಲಿ ಇದು ನೂರಕ್ಕೆ ಎರಡೂವರೆ ಭಾಗಕ್ಕಿಂತ ಕಡಿಮೆ. ಮನೆಯಲ್ಲಿ ಹಿರಿಯರಿದ್ದರೆ ಕುರ್ಚಿಗೆಂದು ಹಿಂದೆ ಇನ್ನೆರಡು ಅಡಿ ಬಿಟ್ಟು, ಎದ್ದೇಳುವಾಗ ಹಿಡಿದುಕೊಳ್ಳಲು ಪಕ್ಕದ ಗೋಡೆಗೆ ಒಂದು ಹಿಡಿಕೆ ಹಾಕಿಸಬೇಕು. ಪ್ರತ್ಯೇಕ ಕೋಣೆಯೇ ಆಗಬೇಕೆಂದೇನೂ ಇಲ್ಲ. ಮಹಡಿಯ ಮೆಟ್ಟಿಲು ಇಳಿಯುವಲ್ಲಿನ ಅಗಲವಾದ ಅಂಕಣ, ಮಲಗುವ ಕೋಣೆಯ ಕಿಟಕಿಯ ಕೆಳಗಿನ ನೆಲ, ಹಾಲ್‌ನ ಒಂದು ಬದಿ, ಯಾವುದೂ ಆದೀತು. ಓಡಾಟದ ದಾರಿಯಲ್ಲಿರಬಾರದು, ಬಾಗಿಲು ತೆರೆದರೆ ತಾಗಬಾರದು ಅಷ್ಟೆ. ನಮಾಝ್ ಮಾಡುವವರ ಮುಂದೆ ಹಾದುಹೋಗುವ ಪ್ರಮೇಯವೇ ಬರದಂತೆ ಮುಂದೆ ಗೋಡೆಯಿದ್ದರೆ ಒಳ್ಳೆಯದು.

ದಿಕ್ಕಿನ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಕಿಬ್ಲಾ ಎಂದರೆ ಪಶ್ಚಿಮ ಎಂದು ನಾವು ಬಾಯಿಮಾತಿನಲ್ಲಿ ಹೇಳುತ್ತೇವೆ. ಕರ್ನಾಟಕದಿಂದ ಮಕ್ಕಾದ ಕಅಬಾ ಇರುವುದು ನೇರ ಪಶ್ಚಿಮಕ್ಕಲ್ಲ, ಸ್ವಲ್ಪ ವಾಯವ್ಯಕ್ಕೆ. ಬೆಂಗಳೂರು, ಮಂಗಳೂರುಗಳಲ್ಲಿ ನೇರ ಪಶ್ಚಿಮದಿಂದ 18ರಿಂದ 19 ಡಿಗ್ರಿಯಷ್ಟು ಉತ್ತರಕ್ಕೆ ತಿರುಗಬೇಕು, ವಿಜಯಪುರದಲ್ಲಿ 13ರಿಂದ 14, ಬೀದರಿನಲ್ಲಿ ಸುಮಾರು 12 ಡಿಗ್ರಿ. ಡಿಗ್ರಿಯ ಲೆಕ್ಕ ಮೇಸ್ತ್ರಿಗೆ ಬೇಡ. ನಮ್ಮ ಊರುಗಳಲ್ಲಿ ಒಂದು ಬಿಂದುವಿನಿಂದ ನೇರ ಪಶ್ಚಿಮಕ್ಕೆ 6 ಅಡಿ ಅಳೆದು, ಅಲ್ಲಿಂದ ಉತ್ತರಕ್ಕೆ 2 ಅಡಿ ಅಳೆದು, ಮೊದಲ ಬಿಂದುವಿಗೆ ದಾರ ಎಳೆದರೆ ಆ ದಾರವೇ ಕಿಬ್ಲಾ. ಬೀದರಿನವರು 2 ಅಡಿಯ ಬದಲು ಒಂದೂಕಾಲು ಅಡಿ ಇಟ್ಟುಕೊಳ್ಳಬೇಕು. ಮೊಬೈಲ್‌ನ ದಿಕ್ಸೂಚಿಯನ್ನು ಕಬ್ಬಿಣದ ಸರಳುಗಳಿರುವ ಪಿಲ್ಲರಿನ ಬಳಿ ಅಥವಾ ಫ್ರಿಜ್ಜಿನ ಪಕ್ಕ ನಿಂತು ನೋಡಿದರೆ ಅದು ದಾರಿ ತಪ್ಪಿಸುತ್ತದೆ. ಅದಕ್ಕಿಂತ ನಂಬಿಗಸ್ತ ಸಾಕ್ಷಿ ಸೂರ್ಯ. ವರ್ಷಕ್ಕೆ ಎರಡು ಸಲ, ಮೇ 28ರ ಆಸುಪಾಸಿನಲ್ಲಿ ನಮ್ಮ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ ಮತ್ತು ಜುಲೈ 16ರ ಆಸುಪಾಸಿನಲ್ಲಿ 2 ಗಂಟೆ 57 ನಿಮಿಷಕ್ಕೆ, ಸೂರ್ಯ ಕಅಬಾದ ನೆತ್ತಿಯ ಮೇಲಿರುತ್ತಾನೆ. ಆ ಗಳಿಗೆಯಲ್ಲಿ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಯಾವ ಕಡೆ ಬೀಳುತ್ತದೋ ಅದರ ಸರಿಯಾದ ಎದುರು ದಿಕ್ಕು ಕಿಬ್ಲಾ. ಜುಲೈಯಲ್ಲಿ ಕರಾವಳಿ ಮಲೆನಾಡುಗಳಲ್ಲಿ ಬಿಸಿಲು ಕಾಣುವುದೇ ಅಪರೂಪವಾದ್ದರಿಂದ ಮೇ ತಿಂಗಳ ದಿನವನ್ನು ಬಿಡಬಾರದು. ಕಳೆದ ಬಾರಿ ನಾನು ಟೆರೇಸಿನ ಮೇಲೆ ಪೊರಕೆಯ ಉದ್ದನೆಯ ಹಿಡಿಯನ್ನು ಬಕೆಟಿನ ಮರಳಿನಲ್ಲಿ ನೆಟ್ಟು, ತೂಗುಗುಂಡಿನಿಂದ ನೇರ ನೋಡಿ, ನೆರಳಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾವು ನಿಂತಿದ್ದ ದಿಕ್ಕಿಗೂ ಆ ಗೆರೆಗೂ ಸಾಕಷ್ಟು ಅಂತರವಿತ್ತು. ಗೊತ್ತಿಲ್ಲದೆ ಆದ ಅಂಥ ವ್ಯತ್ಯಾಸಕ್ಕೆ ಧರ್ಮದಲ್ಲಿ ರಿಯಾಯಿತಿಯಿದೆ ಎಂದು ಉಸ್ತಾದರು ಸಮಾಧಾನ ಹೇಳಿದರು. ಗೊತ್ತಾದ ಮೇಲೂ ಮುಂದುವರಿಸುವುದು ಬೇರೆ ಮಾತು. ಗಲ್ಫ್‌ನ ಹೋಟೆಲ್ ಕೋಣೆಗಳಲ್ಲಿ ಮಾಡಿನಲ್ಲೋ ಮೇಜಿನ ಮೇಲೋ ಕಿಬ್ಲಾದ ಬಾಣದ ಗುರುತು ಅಂಟಿಸಿರುವುದನ್ನು ಅಲ್ಲಿ ದುಡಿಯುವ ನಮ್ಮ ಜಿಲ್ಲೆಯ ಸಾವಿರಾರು ಮಂದಿ ನೋಡಿದ್ದಾರೆ. ಮನೆಯ ನೆಲಕ್ಕೆ ಟೈಲ್ಸ್ ಹಾಕುವಾಗ ಆ ಓರೆಗೆ ತಕ್ಕಂತೆ ಬೇರೆ ಬಣ್ಣದ ಒಂದು ಪಟ್ಟಿ ಕೂರಿಸಿದರೆ ನೆಂಟರೂ ಮಕ್ಕಳೂ ಯಾರನ್ನೂ ಕೇಳಬೇಕಾಗಿಲ್ಲ. ಗೋಡೆಗೆ ಓರೆಯಾಗಿ ನಿಲ್ಲಬೇಕಾಗುವುದರಿಂದಲೇ ಅಳತೆಯಲ್ಲಿ ಒಂದಡಿ ಹೆಚ್ಚು ಹಿಡಿದರೆ ಮೇಲು, ಮತ್ತು ಫ್ಲ್ಯಾಟ್‌ಗಳಲ್ಲಿ ದೇವರ ಕೋಣೆಯೆಂದು ಕಟ್ಟಿರುವ ನಾಲ್ಕಡಿ ಚೌಕದ ಸಿದ್ಧ ಕೋಣೆ ನಮಗೆ ಒದಗದಿರುವುದೂ ಇದೇ ಕಾರಣಕ್ಕೆ.

ಮುಂದಿನ ಗೋಡೆ ಖಾಲಿಯಾಗಿರಲಿ. ಹಜ್‌ನಿಂದ ತಂದ ಹೊಳೆಯುವ ಚಿತ್ರಪಟ, ಕುಟುಂಬದ ಫೋಟೊ, ಕನ್ನಡಿ, ಗಡಿಯಾರ ಯಾವುದೂ ಅಲ್ಲಿ ಬೇಡ. ಆಯಿಶಾ (ರ) ಅವರ ಮನೆಯ ಚಿತ್ರವಿದ್ದ ಪರದೆಯೊಂದನ್ನು, ಅದರ ಚಿತ್ರಗಳು ನಮಾಝಿನಲ್ಲಿ ಗಮನ ಸೆಳೆಯುತ್ತವೆಂದು, ಪ್ರವಾದಿವರ್ಯರು (ಸ) ತೆಗೆಸಿದ್ದರು. ಅಂಗಡಿಗಳಲ್ಲಿ ಈಚೆಗೆ ನಮಾಝ್ ಕೋಣೆಗೆಂದೇ ಮಾರುವ ದೀಪದ ಕಮಾನುಗಳು, ಚಿನ್ನದ ಬಣ್ಣದ ಫಲಕಗಳು ಬಂದಿವೆ. ಕೊಳ್ಳುವವರ ಭಕ್ತಿಯನ್ನು ನಾನು ಶಂಕಿಸುವುದಿಲ್ಲ, ಆದರೆ ಆ ಹಣ ನೆಲಮಟ್ಟದ ನಲ್ಲಿಗೆ ಹೋಗಲಿ ಎನ್ನುತ್ತೇನೆ.

ಆ ನಲ್ಲಿಯನ್ನು ಮೊಣಕಾಲೆತ್ತರಕ್ಕಿಂತ ಸ್ವಲ್ಪ ಕೆಳಗೆ ಹಾಕಿಸಿ, ಅದರ ಮುಂದೆ ಒಂದೂವರೆ ಅಡಿ ಎತ್ತರದ ಕಲ್ಲಿನ ಅಥವಾ ಸಿಮೆಂಟಿನ ಕಟ್ಟೆ ಕಟ್ಟಿ, ನೆಲಕ್ಕೆ ಜಾರದ ಒರಟು ಟೈಲ್ಸ್ ಹಾಕಿ, ನೀರು ನಿಲ್ಲದಂತೆ ಇಳಿಜಾರು ಕೊಡಬೇಕು. ಬಚ್ಚಲಿನ ಹೊರಗಿದ್ದರೆ ಇನ್ನೂ ಒಳಿತು. ಅಜ್ಜಿಯ ಮನೆಯ ಬಾವಿಕಟ್ಟೆಯ ಬಳಿ ಕಲ್ಲಿನ ಮೇಲೆ ಕುಳಿತು ಗಿಂಡಿಯಿಂದ ನೀರು ಸುರಿದುಕೊಳ್ಳುತ್ತಿದ್ದರು, ಯಾರೂ ಜಾರಿದ್ದು ನನಗೆ ನೆನಪಿಲ್ಲ. ಪ್ರವಾದಿವರ್ಯರು (ಸ) ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ನಲ್ಲಿ ತೆರೆದಿಟ್ಟು ಮಾಡುವ ನಾವು ಅದರ ಎಷ್ಟೋ ಪಟ್ಟು ನೀರನ್ನು ಹರಿಬಿಡುತ್ತೇವೆ. ಏಪ್ರಿಲ್ ಮೇ ತಿಂಗಳಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಊರುಗಳವರು ಕಟ್ಟೆಯ ಬದಿಯಲ್ಲಿ ಒಂದು ಚೊಂಬು ಇಟ್ಟುಕೊಳ್ಳಬಹುದು.

ನಮ್ಮ ಕಡೆಯ ಮಳೆಗಾಲದಲ್ಲಿ ದಪ್ಪ ಮಖಮಲ್ಲಿನ ಮುಸಲ್ಲಗಳಿಗೆ ಒಂದೇ ವಾರದಲ್ಲಿ ಬೂಷ್ಟು ಹಿಡಿದು ವಾಸನೆ ಬರುತ್ತದೆ. ಹಾಗಾಗಿ ಅವುಗಳನ್ನು ಹಾಸಿಯೇ ಬಿಡದೆ ಹಗ್ಗದ ಮೇಲೆ ಹರವಬೇಕು, ಅಥವಾ ಓಲೆಯ ಚಾಪೆ, ತೆಳ್ಳನೆಯ ಹತ್ತಿಯ ಹಾಸು ಬಳಸಬೇಕು. ಪ್ರವಾದಿವರ್ಯರು ಸುಜೂದ್ ಮಾಡುತ್ತಿದ್ದುದು ಖರ್ಜೂರದ ಗರಿಯಿಂದ ಹೆಣೆದ ಚಿಕ್ಕ ಚಾಪೆಯ ಮೇಲೂ ಆಗಿತ್ತು.

ಇಷ್ಟೆಲ್ಲ ಹೇಳುವಾಗ ಸ್ವಂತ ಮನೆಯೇ ಇಲ್ಲದವರ ನೆನಪು ನನಗಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಲ್ಲಿ ಆರ್ಥಿಕವಾಗಿ ಹಿಂದುಳಿದವರ ಮನೆಯ ಒಳ ವಿಸ್ತೀರ್ಣ 30 ಚದರ ಮೀಟರ್‌ವರೆಗೆ, ಅಂದರೆ ಸುಮಾರು 320 ಚದರ ಅಡಿಯವರೆಗೆ ಇತ್ತು. ಅಷ್ಟರಲ್ಲಿ ಆರು ಮಂದಿ ಇರುವ ಮನೆಗಳಲ್ಲಿ 28 ಚದರ ಅಡಿಯನ್ನು ಖಾಲಿ ಬಿಡಿ ಎನ್ನುವುದು ನ್ಯಾಯವಲ್ಲ. ನನ್ನ ಬಳಿ ಓದಿದ ಹುಡುಗಿಯೊಬ್ಬಳು ಅಂಥ ಮನೆಯಲ್ಲಿದ್ದಾಳೆ. ಅವಳ ಗಂಡ ಗೋಡೆಗೆ ಎರಡು ಮೊಳೆ ಹೊಡೆದು ಹಗ್ಗ ಕಟ್ಟಿ ಹಳೆಯ ಸೀರೆಯ ಪರದೆ ಬಿಟ್ಟಿದ್ದಾನೆ. ಹಗಲಲ್ಲಿ ಮಕ್ಕಳ ಶಾಲೆಯ ಚೀಲಗಳು ಅಲ್ಲಿರುತ್ತವೆ, ಅಝಾನ್ ಕೇಳಿದ ಕೂಡಲೇ ದೊಡ್ಡ ಮಗ ಅವನ್ನೆತ್ತಿ ಮಂಚದ ಮೇಲಿಡುತ್ತಾನೆ, ಅವಳು ಪರದೆ ಎಳೆದು ಮುಸಲ್ಲ ಹಾಸುತ್ತಾಳೆ. ನಮಾಝಿನ ಹೊತ್ತಿಗೆ ಆ ಜಾಗ ತಾಯಿಯದು ಎಂಬುದು ಆ ಮಕ್ಕಳಿಗೆ ಗೊತ್ತಿದೆ. ನನ್ನ ಮಕ್ಕಳಿಗೆ ನಾನು ಅದನ್ನು ಕಲಿಸಲಿಲ್ಲ. ಬಾಡಿಗೆ ಮನೆಯವರೂ ಗೋಡೆ ಮುಟ್ಟದೆ ಇಷ್ಟನ್ನು ಮಾಡಬಹುದು.

2020ರ ರಮಝಾನನ್ನು ನೆನಪಿಸಿಕೊಳ್ಳಿ. ಮಾರ್ಚ್ 25ರಿಂದ ಲಾಕ್‌ಡೌನ್ ಆಗಿ ಮಸೀದಿಗಳು ಮುಚ್ಚಿದ್ದವು, ಏಪ್ರಿಲ್ ಕೊನೆಯ ವಾರದಲ್ಲಿ ಉಪವಾಸ ಆರಂಭವಾಯಿತು, ಜೂನ್ 8ರವರೆಗೆ ಮಸೀದಿಯ ಬಾಗಿಲು ತೆರೆಯಲಿಲ್ಲ. ಆ ಇಡೀ ತಿಂಗಳು ರಮಝಾನ್ ರಾತ್ರಿಗಳ ತರಾವೀಹ್ ನಮಾಝ್ ನಡೆದದ್ದು ನಮ್ಮ ಮನೆಗಳಲ್ಲಿ. ಸೋಫಾವನ್ನು ಗೋಡೆಗೆ ಒತ್ತಿ, ಟೀಪಾಯಿಯನ್ನು ಹೊರಗಿಟ್ಟು, ಮಗ ಇಮಾಮನಾಗಿ ಮುಂದೆ ನಿಂತು, ಅಪ್ಪ ಮತ್ತು ತಮ್ಮಂದಿರು ಹಿಂದೆ, ಹೆಂಗಸರು ಅವರ ಹಿಂದೆ ನಿಂತ ದೃಶ್ಯ ಎಷ್ಟು ಮನೆಗಳಲ್ಲಿ ಕಂಡಿತು! ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಯಜಮಾನರು, ನೀವು ದಿನವೂ ಇಷ್ಟು ಇಕ್ಕಟ್ಟಿನಲ್ಲಿ ನಮಾಝ್ ಮಾಡುತ್ತೀರಾ ಎಂದು ಕೇಳಿದರು. ಈದ್ ಕಳೆದು ಮಸೀದಿ ತೆರೆದ ಮೇಲೆ ಸೋಫಾ ಮತ್ತೆ ಹಳೆಯ ಜಾಗಕ್ಕೆ ಬಂತು.

ಒಂದು ಸಂದೇಹವನ್ನೂ ಇಲ್ಲೇ ನಿವಾರಿಸುತ್ತೇನೆ. ಹೀಗೆ ಮೀಸಲಿಟ್ಟ ಜಾಗ ಮುಂದೆ ಮಸೀದಿಯ ಕಟ್ಟಳೆಗೆ ಒಳಪಟ್ಟೀತೇ, ಮನೆ ಮಾರಲು ಬರುವುದಿಲ್ಲವೇ ಎಂದು ಕೆಲವರು ಅಂಜುತ್ತಾರೆ. ವಕ್ಫ್ ಮಾಡದ, ಅಂದರೆ ದೇವರ ಹೆಸರಿನಲ್ಲಿ ಶಾಶ್ವತವಾಗಿ ಬಿಟ್ಟುಕೊಡದ, ಮನೆಯ ಮೂಲೆ ಮನೆಯ ಮೂಲೆಯೇ. ಅದನ್ನು ಬದಲಿಸಬಹುದು, ಮನೆಯ ಜೊತೆ ಮಾರಬಹುದು. ನಮ್ಮ ಘಟ್ಟದ ಮೇಲಿನ ಹನಫಿ ಪಂಥದ ಮನೆತನಗಳಲ್ಲಿ ರಮಝಾನಿನ ಕೊನೆಯ ಹತ್ತು ದಿನ ಹೆಂಗಸರು ಮನೆಯ ನಮಾಝಿನ ಸ್ಥಳದಲ್ಲೇ ಇಅತಿಕಾಫ್, ಅಂದರೆ ಆರಾಧನೆಗೆಂದು ಏಕಾಂತದಲ್ಲಿ, ಕೂರುತ್ತಾರೆ. ಕರಾವಳಿಯ ಶಾಫಿಈ ಪಂಥದವರಾದ ನಾವು ಇಅತಿಕಾಫ್‌ಗೆ ಮಸೀದಿಯೇ ಬೇಕೆನ್ನುತ್ತೇವೆ. ಆ ಭೇದ ಹಾಗೇ ಇರಲಿ. ಹನಫಿ ಹೆಂಗಸರಿಗಂತೂ ಆ ಸ್ಥಳ ಗೊತ್ತುಮಾಡಿಕೊಳ್ಳುವುದು ಇನ್ನಷ್ಟು ಅಗತ್ಯ.

ಸಂಪಾದಕರೇ, ತಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಮನೆ ನಿರ್ಮಾಣದ ಪುಟದಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ನಮಾಝಿನ ಸ್ಥಳ, ನೆಲಮಟ್ಟದ ನಲ್ಲಿ, ಕಿಬ್ಲಾದ ಗೆರೆ ಇರುವ ನಕ್ಷೆಯೊಂದನ್ನು ಪ್ರಕಟಿಸಿ. ಓದುಗರಲ್ಲಿ ಎಂಜಿನಿಯರುಗಳಿದ್ದಾರೆ. ದೇವರ ಕೋಣೆ ಬೇಡವೆಂದವರಲ್ಲಿ, ಹಾಗಾದರೆ ನಿಮ್ಮ ಮನೆಯವರು ನಮಾಝ್ ಮಾಡುವುದು ಎಲ್ಲಿ ಎಂದು ಅವರು ಇನ್ನೊಂದು ಪ್ರಶ್ನೆ ಕೇಳಲಿ. ಶುಕ್ರವಾರದ ಭಾಷಣದಲ್ಲಿ ಖತೀಬರು ಇತ್‌ಬಾನ್ ಅವರ ಪ್ರಸಂಗವನ್ನು ಹೇಳಿ, ಹೊಸ ಮನೆ ಕಟ್ಟುವವರನ್ನು ನೋಡಿ ಹೇಳಲಿ.

ತಮ್ಮನ ಮಗನ ನಕ್ಷೆಯ ಮೇಲೆ, ಹಾಲ್‌ಗೂ ಅವನ ತಾಯಿ ಮಲಗುವ ಕೋಣೆಗೂ ನಡುವೆ, ನಾನು ಪೆನ್ಸಿಲಿನಿಂದ ಒಂದು ಚೌಕ ಹಾಕಿ 8 ಅಡಿ 5 ಅಡಿ ಎಂದು ಬರೆದು, ಅದರೊಳಗೆ ಓರೆಯಾಗಿ ಒಂದು ಬಾಣ ಎಳೆದು ಕಳುಹಿಸಿದ್ದೇನೆ. ಹಾಲ್ ಅಷ್ಟು ಚಿಕ್ಕದಾಗುತ್ತದೆ ಎಂದು ಅವನಿಗೆ ಅಳುಕು. ಮಳೆ ನಿಂತ ಮೇಲೆ ಮನೆಯ ಪಂಚಾಂಗ (ಅಡಿಪಾಯ) ಹಾಕುತ್ತಾರೆ, ಅಷ್ಟರೊಳಗೆ ಅವನ ತಾಯಿಯನ್ನು ಕೇಳಿ ತೀರ್ಮಾನಿಸುವಂತೆ ಹೇಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಶಿಕ್ಷಕಿ,
ದಕ್ಷಿಣ ಕನ್ನಡ ಜಿಲ್ಲೆ